ನಾಲ್ಕು ಸಲ ಕೈಕೊಟ್ಟ ಎಲೆ ಐದನೇ ಸಲ ಬಂದೇ ಬರುತ್ತದೆಯೇ?

ಮಲೆನಾಡಿನಲ್ಲಿ ಇಸ್ಪೀಟು ಹೊಸದೇನಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಜಡಿಮಳೆ ಹಿಡಿದರೆ ಜಗಲಿಯಲ್ಲಿ ರಮ್ಮಿ ಶುರುವಾಗುತ್ತದೆ. ಈಗ ಮೊಬೈಲ್‌ನಲ್ಲಿ ಪೋಕರ್ ಕೂಡ ಬಂದಿದೆ. ಜೊತೆಗೇ ಒಂದು ಉಪದೇಶವೂ ಹರಿದಾಡುತ್ತಿದೆ: ‘ನಾಲ್ಕು ಸಲ ಸೋತಿದ್ದೀರಾ? ಐದನೆಯದು ಗ್ಯಾರಂಟಿ, ಆಟ ಬಿಡಬೇಡಿ!’ ಇದು ನಿಜವೇ?

ಎಲೆಗಳಿಗೆ ನೆನಪಿಲ್ಲ

ನಿಜವಲ್ಲ. ಪ್ರತಿ ಸಲ 52 ಎಲೆಗಳನ್ನೂ ಹೊಸದಾಗಿ ಕಲೆಸಲಾಗುತ್ತದೆ. ಹಿಂದಿನ ಆಟದಲ್ಲಿ ನೀವು ಸೋತದ್ದು ಎಲೆಗಳಿಗೆ ಗೊತ್ತಿರುವುದಿಲ್ಲ. ಮಾರ್ಚ್‌ನಲ್ಲಿ ಕಾಫಿಯ ಹೂಮಳೆಗೆ ಕಾಯುವ ಬೆಳೆಗಾರ ಮೋಡ, ಸೆಕೆ, ಗಾಳಿ ನೋಡಿ ಅಂದಾಜು ಮಾಡಬಹುದು. ಮಳೆ ಬರುವ ಮುಂಚೆ ಆಕಾಶದಲ್ಲಿ ಸೂಚನೆ ಇರುತ್ತದೆ. ಕಲೆಸಿದ ಎಲೆಗಳಲ್ಲಿ ಅಂಥ ಸೂಚನೆ ಇರುವುದಿಲ್ಲ.

ಲೆಕ್ಕ ಹೀಗಿದೆ

ಹಣದ ಬದಲು ಕಾಫಿಬೀಜ ಇಟ್ಟು ಆಡುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಕೈಯಲ್ಲಿ 2 ಆಟೀನ್, ಮೇಜಿನ ಮೇಲಿನ 4 ಎಲೆಗಳಲ್ಲಿ ಇನ್ನೂ 2 ಆಟೀನ್. ಕೊನೆಯ ಎಲೆಯೂ ಆಟೀನ್ ಆದರೆ 5 ಸೇರಿ ಫ್ಲಷ್ ಆಗುತ್ತದೆ, ನೀವು ಗೆಲ್ಲುತ್ತೀರಿ. ನಿಮಗೆ ಕಾಣದ ಎಲೆಗಳು 46, ಅದರಲ್ಲಿ ಆಟೀನ್ 9. ಅಂದರೆ ಅವಕಾಶ ಶೇ. 20ಕ್ಕಿಂತ ತುಸು ಕಡಿಮೆ, ಸುಮಾರು ಐದಕ್ಕೆ ಒಂದು.

ಮೇಜಿನ ಮೇಲೆ 300 ಬೀಜ ಇದೆ. ಎದುರಾಳಿ 150 ಹಾಕಿದರು, ಒಟ್ಟು 450 ಆಯಿತು. ಆಟದಲ್ಲಿ ಉಳಿಯಲು ನೀವೂ 150 ಹಾಕಬೇಕು. ಇಂಥದೇ ಸಂದರ್ಭ 46 ಸಲ ಬಂದರೆ ಸರಾಸರಿ 9 ಸಲ ಗೆದ್ದು 4,050 ಬೀಜ ಗಳಿಸುತ್ತೀರಿ. 37 ಸಲ ಸೋತು 5,550 ಕಳೆಯುತ್ತೀರಿ. ನಷ್ಟ 1,500. ಹಾಗಾಗಿ ಎಲೆ ಮಡಚಿ ಇಡುವುದೇ ಸರಿ.

ಎದುರಾಳಿ 50 ಮಾತ್ರ ಹಾಕಿದ್ದರೆ? ಗಳಿಕೆ 3,150, ನಷ್ಟ 1,850. ಆಗ ಮುಂದುವರಿಯಬಹುದು. ಎಲೆ ಅದೇ, ಬೆಲೆ ಬೇರೆ. ನಿರ್ಧಾರವೂ ಬದಲಾಯಿತು. ಹಿಂದಿನ ನಾಲ್ಕು ಸೋಲು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಮಾತು: ಮಡಚಿಟ್ಟ ಮೇಲೆ ಆಟೀನ್ ಬಂದರೆ ‘ಛೇ, ತಪ್ಪು ಮಾಡಿದೆ’ ಅನಿಸುತ್ತದೆ. ಅದು ತಪ್ಪಲ್ಲ. ಮಳೆ ನಂಬಲಾಗದೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ ಮಾರನೇ ದಿನವೇ ಮಳೆ ಸುರಿದರೆ, ಸ್ಪ್ರಿಂಕ್ಲರ್ ಹಾಕಿದ್ದು ತಪ್ಪಾಗುತ್ತದೆಯೇ?

ಹಾಗಾದರೆ ಲೆಕ್ಕ ಬಲ್ಲವರು ಗೆಲ್ಲುತ್ತಾರೆಯೇ?

ಹಣದ ಆಟದಲ್ಲಿ ಆಡಿಸುವ ಕಂಪನಿ ತನ್ನ ಪಾಲನ್ನು ಕಡಿದುಕೊಳ್ಳುತ್ತದೆ. ಹಾಗಾಗಿ ಆಡುವವರೆಲ್ಲರ ಹಣ ಒಟ್ಟು ಸೇರಿಸಿ ನೋಡಿದರೆ ಅದು ಕರಗುತ್ತಲೇ ಇರುತ್ತದೆ. ಸೋತದ್ದನ್ನು ಮರಳಿ ಪಡೆಯಲು ಇನ್ನಷ್ಟು ಹಾಕುವವರೇ ಹೆಚ್ಚು ಕಳೆದುಕೊಳ್ಳುವುದು. ಕೊಯ್ಲಿನ ಕೂಲಿ, ಕಾಫಿ ಮಾರಿದ ದುಡ್ಡು ಒಂದೇ ರಾತ್ರಿಯಲ್ಲಿ ಹೋಗಬಹುದು.

‘ಹೈಕೋರ್ಟೇ ಒಪ್ಪಿದೆ’ ಎಂಬ ಸಂದೇಶ

ಇದು ಹಳೆಯ ಸುದ್ದಿ. ಆನ್‌ಲೈನ್ ಹಣದಾಟ ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿದ್ದು ನಿಜ. ಆದರೆ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

ನಿಮಗೆ ಇಂಥ ಲಿಂಕ್ ಬಂದರೆ ಮುಂದಕ್ಕೆ ಕಳಿಸಬೇಡಿ. ಹಣ ಕಳೆದುಕೊಂಡು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಟ ಬಿಡಲಾಗದೆ ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಗೇಮಿಂಗ್ ಚಟಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಸೋತವರನ್ನು ಬೈಯುವ ಮೊದಲು ಈ ನಂಬರ್‌ಗಳನ್ನು ಅವರಿಗೆ ಕಳಿಸಿ.