ಕಡೂರು ಸೀಮೆಯ ನೆಲದಡಿಯ ಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರಗಳ ಚರಿತ್ರೆಯೆಂದೊಡನೆ ಶ್ರೋತೃಗಳಿಗೆ ತರೀಕೆರೆಯ ಪಾಳೆಯಗಾರರೂ, 1196ರಲ್ಲಿ ಕಟ್ಟಿದ ಅಮೃತಾಪುರದ ದೇವಾಲಯವೂ ನೆನಪಿಗೆ ಬರುವುದು ಸಹಜವೇ. ಆದರೆ ಇಂದು ನಾವು ಹೇಳಹೊರಟಿರುವುದು ಅದಕ್ಕಿಂತ ಬಹಳ ಹಿಂದಿನ ಮಾತು. ಆ ದೇವಾಲಯವು ನಿಂತಿರುವ ನೆಲದ ಅಡಿಯಲ್ಲಿ ಏನಿದೆ, ಅದನ್ನು ಅಗೆಯದೆ ತಿಳಿಯಲು ಜನರು ಹೇಗೆ ಪ್ರಯತ್ನಪಟ್ಟರು ಎಂಬುದೇ ನಮ್ಮ ವಿಷಯವು.

1947ರ ವರೆಗೂ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ಈ ಸೀಮೆಯಲ್ಲಿ ಬಾಬಾಬುಡನ್ ಗಿರಿಗಳು ಕುದುರೆಯ ಲಾಳದಂತೆ ಬಾಗಿ ನಿಂತಿವೆ. ಅವುಗಳ ನೆತ್ತಿಯ ಮೇಲೆ ಕಬ್ಬಿಣದ ಅದಿರು ಪಟ್ಟೆಪಟ್ಟೆಯಾಗಿ ಹಾಸಿಕೊಂಡಿದೆ. ಕೆಳಗೆ ಕರಿಯ ಲಾವಾಶಿಲೆ. ಅದಕ್ಕೂ ಕೆಳಗೆ ಬಯಲುಸೀಮೆಯಲ್ಲೆಲ್ಲ ಕಾಣುವ ಬಿಳಿಗಪ್ಪು ಗೆರೆಯ ನೈಸ್ ಶಿಲೆ. ಇಂಥ ಪದರಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟವರು ಬ್ರೂಸ್ ಫೂಟ್ ಸಾಹೇಬರು. 1894ರಲ್ಲಿ ಮೈಸೂರು ಸಂಸ್ಥಾನವು ಭೂಗರ್ಭ ಇಲಾಖೆಯನ್ನು ತೆರೆದಾಗ ಅದರ ಆಡಳಿತವೂ ಅವರ ಪಾಲಿಗೆ ಬಂದಿತು. ಅವರ ತರುವಾಯ ಬಂದ ಸ್ಮೀತ್ ಸಾಹೇಬರು ಇಲ್ಲಿಯ ಅದಿರಿನ ಜೊತೆಗೆ ಸಿಕ್ಕುವ ಒಂದು ಖನಿಜಕ್ಕೆ 1908ರಲ್ಲಿ ಬಾಬಾಬುಡನೈಟ್ ಎಂದು ನಾಮಕರಣ ಮಾಡಿದರು. ನಮ್ಮ ಬೆಟ್ಟದ ಹೆಸರು ಹೀಗೆ ಪ್ರಪಂಚದ ಖನಿಜಗಳ ಪಟ್ಟಿಗೆ ಸೇರಿತು.

ಈ ವಿದ್ವಾಂಸರ ನಡುವೆ ಒಂದು ದೊಡ್ಡ ವಿವಾದವಿದ್ದಿತು. ಧಾರವಾಡ ಶಿಲೆಗಳು ಹಳೆಯವೋ, ನೈಸ್ ಹಳೆಯದೋ? ಸ್ಮೀತರು 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರವಾಡ ಶಿಲೆಗಳೇ ಹಿರಿಯವು, ನೈಸ್ ಆಮೇಲೆ ಕೆಳಗಿನಿಂದ ಕರಗಿ ಮೇಲೇರಿದ್ದು ಎಂದು ಸಾಧಿಸಿದರು. ಆದರೆ ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯಲ್ಲಿ ಧಾರವಾಡ ಪದರದ ಬುಡದಲ್ಲೇ ಬೆಣಚುಕಲ್ಲಿನ ನುಣುಪಾದ ಗುಂಡುಗಳು ಗಾರೆಯಲ್ಲಿ ಕೂಡಿಸಿದಂತೆ ಕಾಣುವುವು. ಹೊಳೆಯಲ್ಲಿ ಉರುಳದೆ ಕಲ್ಲು ಹಾಗೆ ನುಣುಪಾಗದು. ಹೊಳೆ ಹರಿಯಬೇಕಾದರೆ ಅದರ ಕೆಳಗೆ ಮೊದಲೇ ಒಂದು ನೆಲವಿರಬೇಕು. ಆ ನೆಲವೇ ನೈಸ್. ಕೊನೆಗೆ ಗೆದ್ದುದು ಈ ವಾದವೇ. ಈ ಬೆಟ್ಟಗಳ ಬೂದಿಪದರದಲ್ಲಿರುವ ಜಿರ್ಕಾನ್ ಹರಳುಗಳ ವಯಸ್ಸು ಸುಮಾರು 272 ಕೋಟಿ ವರ್ಷಗಳೆಂದು 1997ರಲ್ಲಿ ಪ್ರಕಟವಾಯಿತು. ಅಡಿಯ ನೈಸ್ ಅದಕ್ಕಿಂತಲೂ ಹಿರಿಯದು. ಸ್ಮೀತರು ಸೋತರೆಂದು ನಗುವವರು ಅವರ ಇಲಾಖೆಯವರು ಕಾಡಿನಲ್ಲಿ ಕಾಲ್ನಡಿಗೆಯಿಂದ ಬರೆದ ನಕ್ಷೆಗಳನ್ನು ಒಮ್ಮೆ ಬಿಡಿಸಿ ನೋಡಲಿ.

ಆದರೆ ಸುತ್ತಿಗೆಯು ಮೇಲಿನ ಕಲ್ಲನ್ನು ಮಾತ್ರ ಒಡೆಯಬಲ್ಲದು. ಆ ಲಾಳದಾಕಾರದ ಶಿಲಾರಾಶಿಯು ಎಷ್ಟು ಆಳಕ್ಕೆ ಇಳಿದಿದೆ? ಇದನ್ನು ಹೇಳಲು ಭೌತಶಾಸ್ತ್ರವು ಬರಬೇಕಾಯಿತು. 1970ರ ದಶಕದ ಮೊದಲ ಭಾಗದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾಲಯದವರು ಪೂರ್ವತೀರದ ಕಾವಲಿಯಿಂದ ಪಶ್ಚಿಮತೀರದ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರುಗಳ ಉದ್ದಕ್ಕೂ, ನೆಲದಲ್ಲಿ ಸಿಡಿಮದ್ದನ್ನು ಸಿಡಿಸಿ ಅದರ ಕಂಪನವು ಆಳದಿಂದ ಮರಳಿ ಬರುವ ಕಾಲವನ್ನು ಅಳೆದರು. ನಕ್ಷೆಯ ಮೇಲೆ ಆ ಎರಡು ಊರುಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಹಿಡಿದರೆ ಅದು ಅಜ್ಜಂಪುರ, ತರೀಕೆರೆಗಳ ಮಗ್ಗುಲಲ್ಲಿಯೇ ಹಾದುಹೋಗುವುದು. ಕೈಲಾ ಮತ್ತು ಅವರ ಸಂಗಡಿಗರು 1979ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಭೂಮಿಯ ತೊಗಟೆಯು ಈ ದಾರಿಯಲ್ಲಿ 34ರಿಂದ 41 ಕಿಲೋಮೀಟರುಗಳಷ್ಟು ದಪ್ಪವಾಗಿದೆ. ಧಾರವಾಡ ಶಿಲೆಗಳಾದರೋ ಅದರ ಮೇಲಿನ ಕೆಲವೇ ಕಿಲೋಮೀಟರುಗಳು; ಮಣೆಯ ಮೇಲಿಟ್ಟ ತಟ್ಟೆಯಂತೆ.

ನಮ್ಮಲ್ಲಿ ಓದಿ ಹೋದ ವಿದ್ಯಾರ್ಥಿಯೊಬ್ಬನು ಡಾಕ್ಟರೇಟ್ ಪದವಿಗಾಗಿ ಇದೇ ಸೀಮೆಯನ್ನು ಆರಿಸಿಕೊಂಡನು. ಬೇಸಗೆಯ ರಜೆಯಲ್ಲಿ ನಾವೂ ಅವನ ಜೊತೆಗೆ ತಿರುಗಿದೆವು. ಅವನಲ್ಲಿದ್ದ ಗುರುತ್ವಮಾಪಕವು ನೋಡಲು ಒಂದು ಪುಟ್ಟ ಡಬ್ಬಿ. ಒಳಗೆ ಒಂದು ಸುರುಳಿಯ ತುದಿಗೆ ತೂಕ. ಭೂಮಿಯ ಸೆಳೆತದಲ್ಲಿ ಹತ್ತು ಕೋಟಿಗೆ ಒಂದು ಪಾಲಿನ ವ್ಯತ್ಯಾಸವನ್ನೂ ಅದು ತೋರಿಸುವುದು. ಲಾವಾಶಿಲೆಯು ನೈಸಿಗಿಂತ ಭಾರವಾದುದರಿಂದ ಅದರ ಮೇಲೆ ಸೆಳೆತ ಹೆಚ್ಚು. ಕಬ್ಬಿಣದ ಪಟ್ಟೆಯ ಹತ್ತಿರ ದಿಕ್ಸೂಚಿಯ ಮುಳ್ಳು ಹುಚ್ಚೆದ್ದಂತೆ ತಿರುಗುವುದು. ಅದನ್ನು ಅಳೆಯಲು ಬೇರೊಂದು ಯಂತ್ರ. ಕಷ್ಟವೆಲ್ಲಿದೆಯೆಂದರೆ, ಆಳದಲ್ಲಿರುವ ದೊಡ್ಡ ರಾಶಿಯೂ ಮೇಲಿರುವ ಸಣ್ಣ ರಾಶಿಯೂ ಮೇಲೆ ನಿಂತವನಿಗೆ ಹೆಚ್ಚುಕಡಮೆ ಒಂದೇ ಅಂಕಿಯನ್ನು ಕೊಡಬಲ್ಲವು. ಅಂಕಿಯೊಂದೇ ಇದ್ದರೆ ಉತ್ತರಗಳು ನೂರು. ಪದರವು ಯಾವ ಕಡೆಗೆ ಎಷ್ಟು ವಾಲಿದೆಯೆಂದು ಹಳ್ಳದ ದಡದಲ್ಲಿ ಕೂತು ಅಳೆದವನೇ ಆ ನೂರರಲ್ಲಿ ತೊಂಬತ್ತನ್ನು ಅಳಿಸಬಲ್ಲನು.

ಇದನ್ನು ನಾವು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆವು. ಕಡೂರಿನ ಬಯಲಿನಲ್ಲಿ ಮರೆತೆವು. ಅಲ್ಲಿ ತೆಂಗಿನ ತೋಟವೊಂದರ ಯಜಮಾನರು, ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟು ನೀರು ತೋರಿಸುವವರನ್ನು ಎರಡು ಸಾರಿ ನಂಬಿ ಕೆಟ್ಟವರು. ನಮ್ಮನ್ನು ಕಂಡು, “ಸ್ವಾಮಿ, ಓದಿದವರು ನೀವು, ನಿಮ್ಮ ಯಂತ್ರ ಸುಳ್ಳಾಡುತ್ತದೆಯೆ?” ಎಂದರು. ನೆಲಕ್ಕೆ ಗೂಟಗಳನ್ನು ನೆಟ್ಟು ವಿದ್ಯುತ್ತನ್ನು ಹರಿಸಿದೆವು. ಒಂದೆಡೆ ಅದು ಸುಲಭವಾಗಿ ಹರಿಯಿತು. ನೀರಿರುವ ನೆಲದಲ್ಲಿ ಹಾಗಾಗುವುದುಂಟು. ಕೊರೆಯಿಸಬಹುದೆಂದೆವು. ಕೊಬ್ಬರಿ ಮಾರಿದ ಹಣದಲ್ಲಿ ಅವರು ಕೊಳವೆ ಬಾವಿ ಕೊರೆಯಿಸಿದರು. ಸಂಜೆಯವರೆಗೂ ಬಂದುದು ಧೂಳು ಮಾತ್ರ. ಅಲ್ಲಿದ್ದುದು ಕೊಳೆತ ಶಿಲೆಯ ಜೇಡಿ. ವಿದ್ಯುತ್ತಿಗೆ ಜೇಡಿಯೂ ಸುಲಭದ ದಾರಿಯೇ. ಆದರೆ ಅದು ನೀರನ್ನು ಬಿಟ್ಟುಕೊಡದು. ಯಜಮಾನರು ನಮ್ಮನ್ನು ಬೈಯಲಿಲ್ಲ. ಮನೆಗೆ ಕರೆದು ಮಜ್ಜಿಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮರುವಾರ ವಿದ್ಯಾರ್ಥಿಯು ಒಬ್ಬನೇ ಹಿಂದಿರುಗಿ, ಯಂತ್ರವನ್ನು ಬಿಟ್ಟು, ಆ ಹೊಲಗಳ ಬದುಗಳನ್ನೆಲ್ಲ ನಡೆದು ನೋಡಿದನು. ಬದುಗಳಿಗೆ ಒಟ್ಟಿದ್ದ ಕಲ್ಲುಗಳು ಒಂದು ಸಾಲಿನಲ್ಲಿ ಮಾತ್ರ ಕರಿಕಲ್ಲು. ನೈಸನ್ನು ಸೀಳಿಕೊಂಡು ಮೇಲೆ ಬಂದ ಕರಿಕಲ್ಲಿನ ಗೋಡೆಯೊಂದು ಅಡಿಯಲ್ಲಿ ಹಾದುಹೋಗಿತ್ತು. ಇಂಥ ಗೋಡೆಗಳು ಎಷ್ಟೋ ವೇಳೆ ಅಣೆಕಟ್ಟಿನಂತೆ ನೀರನ್ನು ಮೇಲ್ಗಡೆ ತಡೆದಿಡುವುವು. ನಾವು ಕೊರೆಯಿಸಿದುದು ಕೆಳಗಡೆ. ಆಮೇಲೆ ಕಾಂತಮಾಪಕವನ್ನು ಹಿಡಿದು ನಡೆದಾಗ ಗೋಡೆಯ ಗೆರೆಯು ಅಂಕಿಗಳಲ್ಲಿಯೂ ಮೂಡಿತು. ಅವನ ಮಹಾಪ್ರಬಂಧದ ಅತ್ಯುತ್ತಮ ಅಧ್ಯಾಯವು ಈ ಬದುಗಳಿಂದಲೇ ಹುಟ್ಟಿತೆಂದು ನಮ್ಮ ಅಭಿಪ್ರಾಯ.

ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯವರು ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯಲು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರುಗಳ ಸುರಂಗವನ್ನು ಕೊರೆದಿದ್ದಾರೆ. ಸುರಂಗದ ಮಾತು ಬಂದಾಗಲೆಲ್ಲ ನಮಗೆ ಆ ತೋಟದ ನೆನಪಾಗುವುದು. ಯಜಮಾನರು ಗೋಡೆಯ ಮೇಲ್ಗಡೆ ಇನ್ನೂ ಕೊರೆಯಿಸಿಲ್ಲ. ಆ ಜಮೀನು ಅವರ ತಮ್ಮನದು, ಮಾತುಕತೆ ನಿಂತು ಬಹಳ ಕಾಲವಾಗಿದೆ. ನಕ್ಷೆಯ ಒಂದು ಪ್ರತಿಯನ್ನು ಮಾತ್ರ ಕೇಳಿ ಪಡೆದು, ಮಡಿಸಿ, ಪಹಣಿಯ ಕಾಗದಗಳ ಜೊತೆಗೆ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾರೆ.