ನಾಲ್ಕು ಮನೆಮಾತು, ಒಂದೇ ವ್ಯಾಕರಣ

ಮಹಾರಾಷ್ಟ್ರದ ಸಾಂಗ್ಲಿ ಮತ್ತು ಮಿರಜ್ ಪಟ್ಟಣಗಳ ಮಗ್ಗುಲಲ್ಲಿ ಕುಪವಾಡ ಎಂಬ ಊರಿದೆ. ಇಂದು ಅದನ್ನು ಹಳ್ಳಿ ಎನ್ನಲಾಗದು. 1998ರಲ್ಲಿ ರಚನೆಯಾದ ಸಾಂಗ್ಲಿ-ಮಿರಜ್-ಕುಪವಾಡ ಮಹಾನಗರಪಾಲಿಕೆಯಲ್ಲಿ ಅದು ಸೇರಿಹೋಗಿದೆ. ಆದರೆ 1960ರ ದಶಕದಲ್ಲಿ ಅಲ್ಲಿದ್ದವರು ಸುಮಾರು ಮೂರು ಸಾವಿರ ಜನ ಮಾತ್ರ. ಪ್ರವಾಸಿಗರು ಹುಡುಕಿಕೊಂಡು ಹೋಗುವಂಥ ಊರಲ್ಲದಿದ್ದರೂ ಭಾಷೆ ಮತ್ತು ಸಮಾಜದ ಸಂಬಂಧವನ್ನು ಅಭ್ಯಾಸ ಮಾಡುವ ಜಗತ್ತಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ಈ ಊರಿನ ಹೆಸರು ಗೊತ್ತು. ಅದಕ್ಕೆ ಕಾರಣ 1971ರಲ್ಲಿ ಪ್ರಕಟವಾದ ಒಂದು ಲೇಖನ. ಬರೆದವರು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು.

ಅವರು ಕಂಡ ಕುಪವಾಡದಲ್ಲಿ ನಾಲ್ಕು ಮನೆಮಾತುಗಳಿದ್ದವು. ಹೆಚ್ಚಿನ ಜಮೀನು ಜೈನರ ಕೈಯಲ್ಲಿತ್ತು. ಅವರ ಮನೆಮಾತು ಕನ್ನಡ. ಕಸಬುದಾರರಾದ ಲಿಂಗಾಯತರದೂ ಕನ್ನಡವೇ. ಮುಸ್ಲಿಂ ರೈತರು ಮನೆಯಲ್ಲಿ ಉರ್ದು ಆಡುತ್ತಿದ್ದರು. ದಲಿತರ ಮನೆಮಾತು ಮರಾಠಿ. ಹಗ್ಗ ಹೊಸೆಯುವ ಕೆಲವು ಕುಟುಂಬಗಳದು ತೆಲುಗು. ಇವರಲ್ಲಿ ಹೆಚ್ಚಿನವರು ಹಲವು ಶತಮಾನಗಳಿಂದ ಒಂದೇ ಊರಿನಲ್ಲಿ, ಒಂದೇ ಹೊಲಗದ್ದೆಗಳ ನಡುವೆ ಬಾಳಿದವರು. ಊರಿನ ಗಂಡಸರಲ್ಲಿ ಒಂದೇ ಭಾಷೆ ಬಲ್ಲವರು ಅಪರೂಪ.

ಈ ಊರನ್ನು ಅರ್ಥಮಾಡಿಕೊಳ್ಳಲು ಮಾನವಶಾಸ್ತ್ರದ ಒಂದು ಹಳೆಯ ಚರ್ಚೆಯನ್ನು ತಿಳಿಯಬೇಕಾಗುತ್ತದೆ. ಸಂಸ್ಕೃತಿ ಎಂದೊಡನೆ ನಮ್ಮಲ್ಲಿ ಸಂಗೀತ, ಶಿಲ್ಪ, ಒಳ್ಳೆಯ ನಡತೆ ನೆನಪಾಗುತ್ತವೆ. ‘ಸಂಸ್ಕೃತಿವಂತರು’ ಎಂದು ಕೆಲವರನ್ನು ಕರೆದಾಗ ಉಳಿದವರಿಗೆ ಅದು ಇಲ್ಲವೆಂಬ ಅರ್ಥವೂ ಹೊರಡುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಟೈಲರ್ 1871ರಲ್ಲಿ ಈ ಪದದ ಹರವನ್ನು ಬಹಳ ಹಿಗ್ಗಿಸಿದ. ಮನುಷ್ಯ ಸಮಾಜದ ಸದಸ್ಯನಾಗಿ ಕಲಿತು ಪಡೆದ ತಿಳಿವಳಿಕೆ, ನಂಬಿಕೆ, ಕಲೆ, ನೀತಿ, ಕಟ್ಟಳೆ, ರೂಢಿ ಎಲ್ಲವೂ ಅವನ ಪ್ರಕಾರ ಸಂಸ್ಕೃತಿಯೇ. ರೊಟ್ಟಿ ತಟ್ಟುವುದೂ ಸಂಸ್ಕೃತಿ, ಸೋದರಮಾವನ ಎದುರು ಹೇಗೆ ಕೂರಬೇಕೆಂಬುದೂ ಸಂಸ್ಕೃತಿ. ಅದಿಲ್ಲದ ಮನುಷ್ಯ ಗುಂಪು ಭೂಮಿಯ ಮೇಲಿಲ್ಲ. ಆದರೂ ಟೈಲರನ ಮಟ್ಟಿಗೆ ಸಂಸ್ಕೃತಿಯೆಂಬುದು ಏಣಿಯಂತೆ. ಕೆಲವರು ಕೆಳಗಿನ ಮೆಟ್ಟಿಲಲ್ಲಿ, ಯೂರೋಪಿನವರು ಮೇಲಿನ ಮೆಟ್ಟಿಲಲ್ಲಿ.

ಆ ಏಣಿಯನ್ನು ಕಿತ್ತುಹಾಕಲು ಹೊರಟವರಲ್ಲಿ ಮುಖ್ಯನಾದವನು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಾಂಜ್ ಬೋಆಸ್. 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಇನ್ನೊಂದು ವಿಚಾರವನ್ನೂ ಸಾಧಿಸಿ ತೋರಿಸಿದ. ದೇಹಲಕ್ಷಣ, ಭಾಷೆ, ಸಂಸ್ಕೃತಿ ಈ ಮೂರೂ ಒಂದೇ ಗಡಿಯೊಳಗೆ ಇರಬೇಕೆಂದಿಲ್ಲ. ಒಂದು ಬದಲಾದಾಗ ಇನ್ನೊಂದು ಹಾಗೆಯೇ ಉಳಿಯಬಹುದು. ಒಂದು ಜನ, ಒಂದು ಭಾಷೆ, ಒಂದು ರಾಷ್ಟ್ರ ಎಂಬ ಮಂತ್ರ ಯೂರೋಪನ್ನು ಆವರಿಸಿದ್ದ ಕಾಲದಲ್ಲಿ ಹೀಗೆ ಹೇಳುವುದು ಸಣ್ಣ ಮಾತಾಗಿರಲಿಲ್ಲ.

ಭಾಷೆಯ ಜೊತೆಗೆ ಧರ್ಮವನ್ನಿಟ್ಟು ನೋಡಿದರೆ ಬೋಆಸನ ಮಾತಿಗೆ ಸಾಕ್ಷ್ಯ ಹುಡುಕಲು ಕನ್ನಡ ನಾಡಿನ ಆಚೆ ಹೋಗಬೇಕಾಗಿಲ್ಲ. ಕರಾವಳಿಯ ಬ್ಯಾರಿಗಳು ಮುಸ್ಲಿಮರು, ಅವರ ಮಾತು ಬ್ಯಾರಿ. ಭಟ್ಕಳದ ನವಾಯತರೂ ಮುಸ್ಲಿಮರು, ಅವರದು ಕೊಂಕಣಿಗೆ ಹತ್ತಿರದ ನವಾಯತಿ. ಅದೇ ಕೊಂಕಣಿಯನ್ನು ಮಂಗಳೂರಿನ ಕ್ಯಾಥೊಲಿಕರೂ ಗೌಡ ಸಾರಸ್ವತ ಬ್ರಾಹ್ಮಣರೂ ತಮ್ಮ ತಮ್ಮ ರೀತಿಯಲ್ಲಿ ಆಡುತ್ತಾರೆ. ಧರ್ಮದ ಗೆರೆ ಒಂದು ಕಡೆ, ಭಾಷೆಯ ಗೆರೆ ಇನ್ನೊಂದು ಕಡೆ. ಕುಪವಾಡದ ಜೈನರನ್ನೂ ಲಿಂಗಾಯತರನ್ನೂ ಬಸದಿ ಮತ್ತು ಮಠ ಬೇರೆ ಮಾಡಿದರೆ, ಕನ್ನಡ ಒಂದು ಮಾಡುತ್ತಿತ್ತು.

ಹಾಗಾದರೆ ಇಷ್ಟು ಕಾಲ ಒಟ್ಟಿಗಿದ್ದರೂ ನಾಲ್ಕು ಭಾಷೆಗಳು ಬೆರೆತು ಒಂದಾಗಲಿಲ್ಲವೇಕೆ? ಗಂಪರ್ಜ್ ಮತ್ತು ವಿಲ್ಸನ್ ಕೊಡುವ ಉತ್ತರ ಮನೆಯ ಹೊಸ್ತಿಲಲ್ಲಿದೆ. ಹೊಲದಲ್ಲಿ, ಸಂತೆಯಲ್ಲಿ ಎಲ್ಲರೂ ಕೂಡುತ್ತಿದ್ದರು. ಮದುವೆ, ಊಟ, ಪೂಜೆಗಳು ಮಾತ್ರ ಅವರವರ ಕುಲದೊಳಗೆ. ಮನೆಮಾತು ಈ ಒಳಗಿನ ಬದುಕಿನ ಗುರುತಾಗಿತ್ತು. ಹೊರಗಿನವನೊಬ್ಬ ಜೈನರೊಡನೆ ಕನ್ನಡವಾಡಿದರೆ, ತಾನೂ ಒಳಗಿನವನೆಂದು ಹೇಳಿಕೊಂಡಂತಾಗುತ್ತಿತ್ತು. ಆದ್ದರಿಂದ ಬೇರೆ ಬೇರೆ ಗುಂಪಿನವರು ಸೇರಿದಾಗ ಬಳಕೆಗೆ ಬರುತ್ತಿದ್ದುದು ಮರಾಠಿ. ಊರಿನ ಬಲಾಢ್ಯ ಗುಂಪುಗಳಲ್ಲಿ ಯಾರ ಮನೆಮಾತೂ ಅದಾಗಿರಲಿಲ್ಲ. ಜೊತೆಗೆ ಅದು ಶಾಲೆಯ, ಕಚೇರಿಯ ಭಾಷೆ. ಯಾರೂ ಯಾರಿಗೂ ತಲೆಬಾಗಿದಂತಾಗದ ವ್ಯವಸ್ಥೆ ಇದು. ಅದೇ ಮರಾಠಿಯನ್ನು ಮನೆಯಲ್ಲಾಡುತ್ತಿದ್ದ ದಲಿತರಿಗೆ ಇದರಿಂದ ಊರಿನಲ್ಲಿ ಯಾವ ಮೇಲ್ಮೆಯೂ ದೊರೆಯಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಭಾಷೆಯ ಅಂತಸ್ತು ಬೇರೆ, ಆಡುವವರ ಅಂತಸ್ತು ಬೇರೆ.

ಇಷ್ಟೇ ಆಗಿದ್ದರೆ ಕುಪವಾಡ ಗಡಿನಾಡಿನ ನೂರಾರು ಊರುಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ವಿದ್ವಾಂಸರನ್ನು ಬೆರಗುಗೊಳಿಸಿದ್ದು ವಾಕ್ಯಗಳ ಒಳಗೆ ನಡೆದಿದ್ದ ಕೆಲಸ. ‘ಸ್ವಲ್ಪ ಸೊಪ್ಪು ಕೊಯ್ದುಕೊಂಡು ಬಂದೆ’ ಎಂಬ ದಿನಬಳಕೆಯ ಮಾತನ್ನು ತೆಗೆದುಕೊಳ್ಳಿ. ಅಲ್ಲಿನ ಉರ್ದುವಿನಲ್ಲೂ ಮರಾಠಿಯಲ್ಲೂ ಸೊಪ್ಪಿಗೆ ‘ಪಾಲಾ’. ಕನ್ನಡದಲ್ಲಿ ‘ತಪ್ಲಾ’, ಅಂದರೆ ಉತ್ತರ ಕರ್ನಾಟಕದವರ ‘ತಪ್ಪಲ’. ‘ಸ್ವಲ್ಪ’ ಎನ್ನಲು ಮೂರರಲ್ಲೂ ‘ಜರಾ’. ಆಮೇಲೆ ಉರ್ದುವಿನ ‘ಕಾಟ್ ಕೆ’, ಮರಾಠಿಯ ‘ಕಾಪೂನ್’, ಕನ್ನಡದ ‘ಕಡಿದು’ ಎಂಬ ಅರ್ಥದ ರೂಪ. ಅದರ ಹಿಂದೆ ‘ಲೇ ಕೆ’, ‘ಘೇಊನ್’, ‘ತಗೊಂಡು’. ಕೊನೆಗೆ ಬಂದೆ. ಮೂರು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದರೆ ಪದದ ಕೆಳಗೆ ಪದ, ಪ್ರತ್ಯಯದ ಕೆಳಗೆ ಪ್ರತ್ಯಯ ಸರಿಯಾಗಿ ಕೂರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ವಾಕ್ಯವನ್ನು ಕೆಡವಿ ಕಟ್ಟಬೇಕಿಲ್ಲ, ಪದಗಳನ್ನು ಬದಲಿಸಿದರೆ ಸಾಕು.

ಒಬ್ಬರೇ ಬಾಗಿದ್ದರಿಂದ ಹೀಗಾದದ್ದಲ್ಲ. ಶಿಷ್ಟ ಉರ್ದುವಿನಲ್ಲಿ ನದಿ, ರೊಟ್ಟಿ, ಗಾಡಿ ಎಲ್ಲ ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗಭೇದ ಮನುಷ್ಯರಿಗೆ ಮಾತ್ರ, ಉಳಿದದ್ದೆಲ್ಲ ಒಂದೇ ಗುಂಪು. ಕುಪವಾಡದ ಉರ್ದು ಕನ್ನಡದ ಈ ದಾರಿ ಹಿಡಿದಿತ್ತು. ಅಲ್ಲಿ ನದಿ ‘ಆಯೀ’ ಅಲ್ಲ, ‘ಆಯಾ’. ಇತ್ತ ಕನ್ನಡವೂ ಕೊಟ್ಟದ್ದಷ್ಟೇ ಅಲ್ಲ, ಪಡೆದದ್ದೂ ಉಂಟು. ‘ಇದು ನಿಮ್ಮ ಮನೆ’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಮರಾಠಿ, ಉರ್ದುಗಳಿಗೆ ‘ಆಹೆ’, ‘ಹೈ’ ಬೇಕು. ಕುಪವಾಡದ ಕನ್ನಡಿಗರು ‘ಇದು ನಿಮ್ಮ ಮನಿ ಐತಿ’ ಎನ್ನುತ್ತಿದ್ದರು. ಬೆಂಗಳೂರಿನ ಪಂಡಿತರಿಗೆ ಇದು ಅಶುದ್ಧವೆನಿಸಬಹುದು. ಆದರೆ ಬೆಳಗಿನಿಂದ ಬೈಗಿನವರೆಗೆ ಮೂರು ಭಾಷೆಯಲ್ಲಿ ಬದುಕುವವನಿಗೆ ಅದು ತಕ್ಕ ಏರ್ಪಾಡು.

ಅಂದರೆ ಕುಪವಾಡದವರು ಪದಗಳನ್ನು ಬೇಲಿಯಾಗಿ ಉಳಿಸಿಕೊಂಡರು, ವ್ಯಾಕರಣವನ್ನು ಮಾತ್ರ ಬೇಲಿ ದಾಟಿ ಓಡಾಡಲು ಬಿಟ್ಟರು. ಕಿವಿಗೆ ಬೀಳುವುದು ಪದ. ಯಾರು ಯಾವ ಮನೆಯವರೆಂದು ತಿಳಿಯುವುದು ಅದರಿಂದ. ವಾಕ್ಯದ ಕಟ್ಟು ಕಿವಿಗೆ ಅಷ್ಟಾಗಿ ಬೀಳದು, ಅದನ್ನು ಯಾರೂ ಕಾಯುವುದಿಲ್ಲ.

ಊರಿನ ಮಟ್ಟದ ಈ ಸಂಗತಿ ದೇಶದ ಮಟ್ಟದಲ್ಲೂ ಉಂಟೆಂದು ಕೆನಡಾದಲ್ಲಿ ಹುಟ್ಟಿದ ಎಮಿನೋ ಮೊದಲೇ ತೋರಿಸಿದ್ದರು. 1930ರ ದಶಕದಲ್ಲಿ ನೀಲಗಿರಿಯ ತೋಡ, ಕೋತ ಭಾಷೆಗಳನ್ನೂ ಕೊಡವ ಭಾಷೆಯನ್ನೂ ಅಭ್ಯಾಸ ಮಾಡಿದವರು ಇವರು. ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬವೆಂಬುದು 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ಬರೆದ ಮೇಲೆ ಸ್ಥಿರವಾಗಿತ್ತು. ಎಮಿನೋ ಅದನ್ನು ಒಪ್ಪಿಯೇ ಇನ್ನೊಂದು ಮಾತು ಸೇರಿಸಿದರು. ಕುಟುಂಬ ಬೇರೆಯಾದರೂ ನೆರೆಹೊರೆಯಿಂದ ಭಾಷೆಗಳು ಹೋಲುತ್ತವೆ. ನಾವು ಊಟಗೀಟ ಎಂದರೆ ಮರಾಠಿಗರು ‘ಜೇವಣ-ಬಿವಣ’ ಎನ್ನುತ್ತಾರೆ, ಹಿಂದಿಯವರು ‘ಚಾಯ್-ವಾಯ್’ ಎನ್ನುತ್ತಾರೆ. ಭಾರತವೇ ಒಂದು ಭಾಷಾ ವಲಯ ಎಂಬ ಅವರ ಲೇಖನ ಹೊರಬಂದದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗೆರೆ ಎಳೆಯಲಾಯಿತು!

ಭಾಷಾವಾರು ಪ್ರಾಂತ ರಚನೆ ತಪ್ಪಾಗಿತ್ತೆಂದು ಇದರ ಅರ್ಥವಲ್ಲ. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ತಮ್ಮ ಮಾತು ದೊರೆತದ್ದು ಅದರಿಂದಲೇ. ಆದರೆ ಗೆರೆ ಎಳೆಯುವವರಿಗೆ ಒಬ್ಬನಿಗೆ ಒಂದೇ ಭಾಷೆ ಇದ್ದರೆ ಅನುಕೂಲ. ಜನಗಣತಿಯ ಮಾತೃಭಾಷೆಯ ಅಂಕಣದಲ್ಲಿ ಒಂದು ಹೆಸರಿಗೆ ಮಾತ್ರ ಜಾಗವಿದೆ. 1961ರ ಜನಗಣತಿ 1,652 ಮಾತೃಭಾಷೆಗಳ ಹೆಸರನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಹೆಸರಿಸಿ ಪ್ರಕಟಿಸುವುದನ್ನೇ ಬಿಡಲಾಯಿತು. ಕುಪವಾಡದ ಕನ್ನಡ ಲೆಕ್ಕದಲ್ಲಿ ಕನ್ನಡವೇ, ಅಲ್ಲಿನ ಉರ್ದು ಉರ್ದುವೇ. ಅವೆರಡರ ನಡುವಿನ ಕೊಡುಕೊಳೆ ಯಾವ ಅಂಕಣದಲ್ಲೂ ದಾಖಲಾಗುವುದಿಲ್ಲ.

ಗಂಪರ್ಜ್-ವಿಲ್ಸನ್ ಬರೆದದ್ದನ್ನು ಎಲ್ಲರೂ ಹಾಗೆಯೇ ಒಪ್ಪಿಲ್ಲ. ‘ಐತಿ’ ಧಾರವಾಡ, ಬೆಳಗಾವಿಗಳಲ್ಲೂ ಕೇಳುವ ರೂಪ. ದಖನಿ ಉರ್ದುವಿನಲ್ಲಿ ಲಿಂಗದ ಸಡಿಲಿಕೆ ಬೇರೆ ಊರುಗಳಲ್ಲೂ ಇದೆ. ಎಲ್ಲವನ್ನೂ ಒಂದೇ ಹಳ್ಳಿಯ ಪವಾಡವೆನ್ನುವುದು ಕಷ್ಟ. ಸುಮಾರು ನಾಲ್ಕು ದಶಕಗಳ ನಂತರ ಪುಣೆಯ ಭಾಷಾವಿಜ್ಞಾನಿ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿನ ಮಾತನ್ನು ಮತ್ತೆ ಪರೀಕ್ಷಿಸಿ, ಪದಕ್ಕೆ ಪದ ಕೂರುವ ವಾಕ್ಯಗಳ ವಾದವನ್ನು 2016ರ ಲೇಖನದಲ್ಲಿ ವಿಮರ್ಶೆಗೆ ಒಡ್ಡಿದರು. ಈ ನಡುವೆ ಊರೂ ಬದಲಾಗಿತ್ತು. ಯಾರ ಪಕ್ಷಕ್ಕೂ ಸೇರದೆ ನಡುವೆ ನಿಂತಿದ್ದ ಮರಾಠಿ ಈಗ ರಾಜ್ಯದ ಭಾಷೆ, ಮಕ್ಕಳ ಶಾಲೆಯ ಭಾಷೆ, ಕೆಲಸ ಕೊಡಿಸುವ ಭಾಷೆ. ಮನೆಯೊಳಗಿನ ಕನ್ನಡದ ಎದುರಿಗೆ ಈಗಿರುವುದು ಪಕ್ಕದ ಮನೆಯ ಮರಾಠಿಯಲ್ಲ, ಪಠ್ಯಪುಸ್ತಕದ ಮರಾಠಿ.