ಎಕ್ವಡಾರ್‌ನಲ್ಲಿ ಪರ್ವತ ಚಾರಣ

ಎಕ್ವಡಾರ್ ದಕ್ಷಿಣ ಅಮೆರಿಕ ಖಂಡದ ವಾಯವ್ಯ ಭಾಗದಲ್ಲಿ, ಭೂಮಧ್ಯರೇಖೆಯ ಮೇಲೆ ಇರುವ ಪರ್ವತಮಯ ದೇಶ. ಆ ಖಂಡದ ಚಿಕ್ಕ ದೇಶಗಳಲ್ಲಿ ಒಂದಾದರೂ ಪೆಸಿಫಿಕ್ ಕರಾವಳಿ, ಆಂಡಿಸ್ ಪರ್ವತಶ್ರೇಣಿ, ಅಮೆಜಾನ್ ಮಳೆಕಾಡು ಮತ್ತು ಗಲಾಪಗೋಸ್ ದ್ವೀಪಗಳೆಂಬ ನಾಲ್ಕು ಭಿನ್ನ ಪ್ರದೇಶಗಳನ್ನು ಒಳಗೊಂಡಿದೆ. ಇಲ್ಲಿನ ಆಂಡಿಸ್ ಪ್ರದೇಶವು ಕಾಲ್ನಡಿಗೆಯ ಪ್ರವಾಸಿಗರಿಗೆ ಹೆಸರಾದುದು. ಊರಿಂದೂರಿಗೆ ಅಂತರ ಕಡಿಮೆ, ರಸ್ತೆಗಳು ಸುಗಮ. ಹೀಗಾಗಿ ಇಲ್ಲಿ ಚಾರಣದ ಯೋಜನೆಯನ್ನು ನಿರ್ಧರಿಸುವುದು ದೂರವಲ್ಲ, ಎತ್ತರ.

ಭೂಸ್ವರೂಪ

ಆಂಡಿಸ್ ಪರ್ವತಗಳು ಎಕ್ವಡಾರ್‌ನಲ್ಲಿ ಪಶ್ಚಿಮ ಮತ್ತು ಪೂರ್ವವೆಂಬ ಎರಡು ಮುಖ್ಯ ಸಾಲುಗಳಾಗಿ ಉತ್ತರದಿಂದ ದಕ್ಷಿಣಕ್ಕೆ ಹಾಯ್ದಿವೆ. ಇವುಗಳ ನಡುವಿನ ಕಣಿವೆಯ ಇಕ್ಕೆಲಗಳಲ್ಲಿ ಜ್ವಾಲಾಮುಖಿಗಳು ಸಾಲುಗೊಂಡಿರುವುದರಿಂದ, 1802ರಲ್ಲಿ ಇಲ್ಲಿ ಸಂಚರಿಸಿದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಇದನ್ನು ಜ್ವಾಲಾಮುಖಿಗಳ ಬೀದಿಯೆಂದು ವರ್ಣಿಸಿದನೆಂಬುದು ಪ್ರಸಿದ್ಧ. ದೇಶದ ಅತ್ಯುನ್ನತ ಶಿಖರ ಚಿಂಬೊರಾಜೊ (6,263 ಮೀಟರ್). ಭೂಮಿಯು ಮಧ್ಯದಲ್ಲಿ ಉಬ್ಬಿರುವ ಕಾರಣ, ಭೂಕೇಂದ್ರದಿಂದ ಅಳೆದರೆ ಇದರ ತುದಿಯು ಎವರೆಸ್ಟ್‌ಗಿಂತಲೂ ಸುಮಾರು 2 ಕಿಲೋಮೀಟರ್ ಹೆಚ್ಚು ದೂರದಲ್ಲಿದೆ. ಹಂಬೋಲ್ಟ್ ಈ ಶಿಖರವನ್ನು ಏರಲು ಯತ್ನಿಸಿ ತುದಿ ತಲುಪಲಾರದೆ ಹಿಂದಿರುಗಿದನು. ಮೊದಲ ಆರೋಹಣ ನಡೆದದ್ದು 1880ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ಮತ್ತು ಅವನ ಇಟಲಿಯ ಇಬ್ಬರು ಸಂಗಡಿಗರಿಂದ. ಕೊಟೊಪಾಕ್ಸಿ (5,897 ಮೀಟರ್) ಮತ್ತು ಕಯಾಂಬೆ (5,790 ಮೀಟರ್) ಇತರ ಪ್ರಮುಖ ಶಿಖರಗಳು. ಭೂಮಧ್ಯರೇಖೆಯು ಕಯಾಂಬೆಯ ದಕ್ಷಿಣದ ಇಳಿಜಾರಿನ ಮೇಲೆ ಹಾದುಹೋಗುತ್ತದೆ.

ಎತ್ತರ ಮತ್ತು ದೇಹಸ್ಥಿತಿ

ರಾಜಧಾನಿ ಕಿಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಬಂದಿಳಿದವರು ಒಂದು ಹೆಜ್ಜೆಯನ್ನೂ ನಡೆಯದೆ ಎತ್ತರದ ಕಾಯಿಲೆ ತಲೆದೋರಬಹುದಾದ ಮಟ್ಟವನ್ನು ದಾಟಿರುತ್ತಾರೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು ಇದರ ಮೊದಲ ಲಕ್ಷಣಗಳು. ವಿಶ್ರಾಂತಿ ಪಡೆದಾಗಲೂ ಇಳಿಯದ ಉಸಿರಾಟದ ಕಷ್ಟ, ತೂರಾಡುವ ನಡಿಗೆ ಅಥವಾ ಮಾತಿನಲ್ಲಿ ಗೊಂದಲ ಕಂಡರೆ ಶ್ವಾಸಕೋಶದಲ್ಲಿ ಇಲ್ಲವೇ ಮಿದುಳಿನಲ್ಲಿ ನೀರು ತುಂಬುತ್ತಿರುವ ಸಂಭವವಿದ್ದು, ಅದು ಪ್ರಾಣಾಂತಿಕ. ಆಗ ಬೆಳಗಾಗುವವರೆಗೆ ಕಾಯದೆ ಕೂಡಲೇ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ.

ಅಪಾಯವು ದುರ್ಗಮವಾದ ಹಾದಿಗಿಂತ ಸುಗಮವಾದ ರಸ್ತೆಯಿಂದಲೇ ಬರುತ್ತದೆ. ಕಿಟೊದಲ್ಲಿ ಉಪಾಹಾರ ಮುಗಿಸಿ ಹೊರಟ ಪ್ರವಾಸಿಯನ್ನು ವಾಹನವು ಮಧ್ಯಾಹ್ನದೊಳಗೆ ಕೊಟೊಪಾಕ್ಸಿಯ ಮಗ್ಗುಲಲ್ಲಿ 4,500 ಮೀಟರ್‌ಗೂ ಮೇಲೆ ಇಳಿಸಬಲ್ಲದು. ಚಿಂಬೊರಾಜೊದಲ್ಲಿ ಮೊದಲ ಆಶ್ರಯತಾಣದವರೆಗೂ ರಸ್ತೆ ಇದೆ. 5,000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ದೇಹ ಇದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು, ಗಂಟೆಗಳು ಸಾಲವು. ಯೌವನವಾಗಲಿ ವ್ಯಾಯಾಮದ ಅಭ್ಯಾಸವಾಗಲಿ ಇದರಿಂದ ರಕ್ಷಣೆ ನೀಡುವುದಿಲ್ಲ. ಗಟ್ಟಿಮುಟ್ಟಾದವರು ವೇಗವಾಗಿ ಏರುವುದರಿಂದ ಹೆಚ್ಚು ತೊಂದರೆಗೊಳಗಾಗುವುದೂ ಉಂಟು. 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂಬುದು ಸರ್ವಸಮ್ಮತ ನಿಯಮ. ಹಗಲಿನಲ್ಲಿ ಇನ್ನೂ ಮೇಲೇರಿ ರಾತ್ರಿಗೆ ಕೆಳಗಿಳಿಯುವುದಕ್ಕೆ ಅಡ್ಡಿಯಿಲ್ಲ. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಹಾದಿಗಳ ಅನುಕ್ರಮ

ಮೇಲಿನ ಕಾರಣದಿಂದ, ಯಾವ ಹಾದಿಗಳನ್ನು ನಡೆಯಬೇಕು ಎಂಬುದಕ್ಕಿಂತ ಅವನ್ನು ಯಾವ ಕ್ರಮದಲ್ಲಿ ನಡೆಯಬೇಕು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಮೊದಲ ಎರಡು ದಿನಗಳನ್ನು ಕಿಟೊದ ಹಳೆಯ ನಗರಭಾಗದಲ್ಲಿ ನಿಧಾನವಾಗಿ ಕಳೆಯುವುದು ಲೇಸು. 1978ರಲ್ಲಿ ಪ್ರಕಟವಾದ ಪ್ರಪ್ರಥಮ ವಿಶ್ವ ಪರಂಪರೆಯ ಪಟ್ಟಿಯಲ್ಲಿಯೇ ಇದಕ್ಕೆ ಸ್ಥಾನ ದೊರೆತಿತ್ತು. ನಗರದಂಚಿನಿಂದ ರೋಪ್‌ವೇ ಮೂಲಕ ಪಿಚಿಂಚಾ ಬೆಟ್ಟದ ಸುಮಾರು 3,950 ಮೀಟರ್ ಎತ್ತರಕ್ಕೆ ಹೋಗಿ, ಸ್ವಲ್ಪ ನಡೆದು, ಸಂಜೆಗೆ ಮರಳುವುದು ಮೂರನೆಯ ದಿನಕ್ಕೆ ತಕ್ಕ ಅಭ್ಯಾಸ.

ಆನಂತರ ಕಿಲೊಟೊವಾ ಹಾದಿಯನ್ನು ಹಿಡಿಯಬಹುದು. ಸಿಗ್ಚೊಸ್ ಪಟ್ಟಣದಿಂದ ಹೊರಟು ಇಸಿನ್ಲಿವಿ, ಚುಗ್ಚಿಲಾನ್ ಗ್ರಾಮಗಳಲ್ಲಿ ತಂಗುತ್ತಾ ಮೂರನೆಯ ದಿನ ಜ್ವಾಲಾಮುಖಿಯ ಬಾಯಲ್ಲಿ ನೀರು ತುಂಬಿ ಉಂಟಾದ ಸರೋವರವನ್ನು ತಲುಪುವ ಹಾದಿಯಿದು. ಗುಡಾರ ಬೇಕಿಲ್ಲ. ಹಳ್ಳಿಗಳ ವಸತಿಗೃಹಗಳಲ್ಲಿ ಊಟ, ಹಾಸಿಗೆ ಎರಡೂ ದೊರೆಯುತ್ತವೆ. ಹಲವರು ಇದನ್ನು ಸರೋವರದಿಂದ ಆರಂಭಿಸಿ ಇಳಿಯುತ್ತಾ ನಡೆಯುತ್ತಾರೆ. ಆದರೆ ಸಿಗ್ಚೊಸ್‌ನಿಂದ ಹೊರಟವರು ಮಲಗುವ ಎತ್ತರ ಮೆಲ್ಲಮೆಲ್ಲನೆ ಹೆಚ್ಚುವುದರಿಂದ, ಕಾಲಿಗೆ ಶ್ರಮವಾದರೂ ಹೊಸಬರಿಗೆ ಈ ದಿಕ್ಕೇ ಹಿತ. ಕೊನೆಯ ದಿನ ಸರೋವರದ ಅಂಚಿನವರೆಗೆ, ಎಂದರೆ 3,900 ಮೀಟರ್ ಆಸುಪಾಸಿಗೆ, ಏರುವುದು ಪ್ರಯಾಸಕರ.

ಕೊಟೊಪಾಕ್ಸಿ ಮತ್ತು ಚಿಂಬೊರಾಜೊ ಆಶ್ರಯತಾಣಗಳ ಭೇಟಿಯನ್ನು ಪ್ರವಾಸದ ಕೊನೆಗೆ ಇರಿಸಿಕೊಳ್ಳಬೇಕು. ಹಿಮನದಿಯ ಮೇಲಿನ ಆರೋಹಣಕ್ಕೆ ಪ್ರಮಾಣೀಕೃತ ಮಾರ್ಗದರ್ಶಿ ಕಡ್ಡಾಯ. ಕೊಟೊಪಾಕ್ಸಿಯು ಜೀವಂತ ಜ್ವಾಲಾಮುಖಿ. 2015ರಲ್ಲಿ ಮತ್ತು 2022ರ ಕೊನೆಯಲ್ಲಿ ಅದು ಬೂದಿ ಉಗುಳಿದಾಗ ಆರೋಹಣವನ್ನು ನಿಷೇಧಿಸಲಾಗಿತ್ತು. ಆದ್ದರಿಂದ ಯೋಜನೆಯಲ್ಲಿ ಪರ್ಯಾಯವೊಂದು ಇರುವುದು ಅಗತ್ಯ. ದಕ್ಷಿಣದ ಕುಯೆಂಕಾ ನಗರದ ಬಳಿಯ ಕಾಹಾಸ್ ರಾಷ್ಟ್ರೀಯ ಉದ್ಯಾನವು ನೂರಾರು ಸರೋವರಗಳ ನಾಡಾಗಿದ್ದು, ಹಿಮಾರೋಹಣದ ಹಂಬಲವಿಲ್ಲದವರಿಗೆ ಉತ್ತಮ ಆಯ್ಕೆ. ಅಲ್ಲಿ ಮಂಜು ಕವಿದರೆ ದಾರಿ ತಪ್ಪುವುದು ಸುಲಭ.

ಋತುಮಾನ

ಮಧ್ಯದ ಕಣಿವೆ ಮತ್ತು ಪಶ್ಚಿಮ ಸಾಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಗಾಳಿ ಹೆಚ್ಚು. ಅದೇ ತಿಂಗಳುಗಳಲ್ಲಿ ಅಮೆಜಾನ್ ಕಡೆಯ ತೇವದ ಗಾಳಿಗೆ ಒಡ್ಡಿಕೊಂಡ ಪೂರ್ವ ಸಾಲಿನಲ್ಲಿ ಮಳೆ ಸುರಿಯುತ್ತಿರುತ್ತದೆ. ಎಲ್ ಆಲ್ತಾರ್‌ನಂತಹ ಪೂರ್ವದ ಪರ್ವತಗಳಿಗೆ ನವೆಂಬರ್‌ನಿಂದ ಫೆಬ್ರವರಿಯ ಅವಧಿ ಮೇಲು. ಹಗಲು ವರ್ಷವಿಡೀ ಸುಮಾರು ಹನ್ನೆರಡು ಗಂಟೆ. ಸಂಜೆ ಆರೂವರೆಯ ವೇಳೆಗೆ ಬೇಗನೆ ಕತ್ತಲಾಗುತ್ತದೆ, ಮಧ್ಯಾಹ್ನ ಮೋಡ ಕವಿಯುತ್ತದೆ. ಮುಂಜಾನೆಯೇ ಹೊರಡುವುದು ವಾಡಿಕೆ.

ಜೀವವೈವಿಧ್ಯ

ಎಕ್ವಡಾರ್‌ನಲ್ಲಿ 1,600ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಹಮ್ಮಿಂಗ್‌ಬರ್ಡ್‌ಗಳೇ ಸುಮಾರು 130 ಜಾತಿ. ಒಂದೇ ದಿನದ ಇಳಿಜಾರಿನಲ್ಲಿ ಕಾಡಿನ ಬಗೆ ಹಲವು ಬಾರಿ ಬದಲಾಗುವುದು ಈ ಸಮೃದ್ಧಿಗೆ ಒಂದು ಕಾರಣ. ಪಶ್ಚಿಮದ ಮಿಂಡೊ ಪ್ರದೇಶದ ಮೇಘಾರಣ್ಯ ಹಕ್ಕಿವೀಕ್ಷಕರ ನೆಚ್ಚಿನ ತಾಣ. ದಕ್ಷಿಣ ಅಮೆರಿಕದ ಏಕೈಕ ಕರಡಿಯಾದ ಕನ್ನಡಕದ ಕರಡಿ ಮತ್ತು ಪರ್ವತದ ಟೇಪಿರ್ ಅಪರೂಪಕ್ಕೆ ಕಾಣಸಿಗುತ್ತವೆ. ಕಾಂಡೋರ್ ರಣಹದ್ದು ರಾಷ್ಟ್ರೀಯ ಪಕ್ಷಿ.

ಕಾಡಿನ ಮೇರೆಗೂ ಹಿಮರೇಖೆಗೂ ನಡುವೆ ಇರುವ ಹುಲ್ಲುಗಾಡಿಗೆ ಪಾರಮೊ ಎಂದು ಹೆಸರು. ಇದರ ಕಪ್ಪು ಮಣ್ಣು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಕಿಟೊ ನಗರದ ಕುಡಿಯುವ ನೀರಿನ ಬಹುಭಾಗ ಬರುವುದು ಇಲ್ಲಿಂದಲೇ. ಚಳಿಯಲ್ಲಿ ಗಿಡಗಳು ಬಲು ನಿಧಾನವಾಗಿ ಬೆಳೆಯುವುದರಿಂದ ಹಾದಿ ಬಿಟ್ಟು ತುಳಿದ ಜಾಗ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. 2008ರಲ್ಲಿ ಎಕ್ವಡಾರ್ ತನ್ನ ಸಂವಿಧಾನದಲ್ಲಿ ಪ್ರಕೃತಿಗೇ ಹಕ್ಕುಗಳನ್ನು ನೀಡಿದ ಮೊದಲ ದೇಶವಾಯಿತು.

ಈ ಪರ್ವತಗಳಿಗೂ ದಕ್ಷಿಣ ಭಾರತಕ್ಕೂ ಒಂದು ಹಳೆಯ ನಂಟಿದೆ. ಚಿಂಬೊರಾಜೊದ ಪಶ್ಚಿಮ ಇಳಿಜಾರಿನ ಕಾಡುಗಳಲ್ಲಿ 1860ರಲ್ಲಿ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್ ಸಂಗ್ರಹಿಸಿದ ಕೆಂಪು ತೊಗಟೆಯ ಸಿಂಕೋನಾ ಬೀಜ ಮತ್ತು ಸಸಿಗಳು ನೀಲಗಿರಿಯ ತೋಟಗಳನ್ನು ಸೇರಿದವು. ಮಲೇರಿಯಾಕ್ಕೆ ಔಷಧವಾದ ಕ್ವಿನೈನ್ ದೊರೆಯುವುದು ಈ ಮರದ ತೊಗಟೆಯಿಂದ.

ಸಿದ್ಧತೆ

ಚಳಿಗೆ ಪದರ ಪದರವಾಗಿ ಧರಿಸುವ ಉಡುಪು, ಮಳೆಯಂಗಿ, ಟೋಪಿ ಮತ್ತು ತಂಪು ಕನ್ನಡಕ ಬೇಕೇ ಬೇಕು. ಭೂಮಧ್ಯರೇಖೆಯ ಎತ್ತರದ ಬಿಸಿಲು ಮೋಡವಿದ್ದಾಗಲೂ ಚರ್ಮವನ್ನು ಸುಡುತ್ತದೆ. ಹಳ್ಳಿಗಳ ಕಾವಲು ನಾಯಿಗಳ ಕಾರಣ ಕೈಯಲ್ಲಿ ಕೋಲಿರುವುದು ಒಳಿತು. ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಚೀಸ್ ಸೇರಿಸಿದ ಲೊಕ್ರೊ ಎಂಬ ಗಟ್ಟಿ ಸಾರು ಮತ್ತು ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ಉಮಿಟಾ ದೊರೆಯುತ್ತವೆ. ಸಾರಿಗೆ ಮಾಂಸದ ರಸ ಬಳಸಿದೆಯೇ ಎಂದು ಕೇಳಿ ತಿಳಿಯಬೇಕು. 2000ದಿಂದ ಅಮೆರಿಕದ ಡಾಲರೇ ಇಲ್ಲಿನ ನಾಣ್ಯ. ಹಳ್ಳಿಗಳಲ್ಲಿ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ.

ಅಪರಾಧಿ ಗುಂಪುಗಳ ಹಾವಳಿಯಿಂದಾಗಿ 2024ರ ಜನವರಿಯಲ್ಲಿ ಸರ್ಕಾರವು ದೇಶದಲ್ಲಿ ಆಂತರಿಕ ಸಶಸ್ತ್ರ ಸಂಘರ್ಷವಿದೆಯೆಂದು ಘೋಷಿಸಿತು. ಕರಾವಳಿಯ ನಗರಗಳಿಗೆ ಹೋಲಿಸಿದರೆ ಪರ್ವತ ಪ್ರದೇಶ ಶಾಂತವಾಗಿದ್ದರೂ ಹೊರಡುವ ಮುನ್ನ ಪರಿಸ್ಥಿತಿಯನ್ನು ವಿಚಾರಿಸತಕ್ಕದ್ದು.

ಎಕ್ವಡಾರ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಲ್ಲಿಂದ ಭಾರತಕ್ಕೆ ಮರಳುವವರಲ್ಲಿ ಲಸಿಕೆಯ ಪ್ರಮಾಣಪತ್ರ ಇರಬೇಕು. ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ.